ಗೆದ್ದ ಪಕ್ಷ ಐದೇ ವರ್ಷದಲ್ಲಿ ಎಲ್ಲಿ ಹೋಯಿತು?

ಸ್ಪೇನ್ ದೇಶ ಸರ್ವಾಧಿಕಾರದಿಂದ ಪ್ರಜಾಪ್ರಭುತ್ವಕ್ಕೆ ದಾಟಿದ ಬಗ್ಗೆ ಹಿಂದೊಮ್ಮೆ ಈ ಅಂಕಣದಲ್ಲಿ ನಾಲ್ಕು ಮಾತು ಬರೆದಿದ್ದೆ. ಅದರಲ್ಲಿ ಒಂದು ಸಾಲು ಹೀಗಿತ್ತು: 'ಮೊದಲ ಎರಡು ಚುನಾವಣೆ ಗೆದ್ದ ಪಕ್ಷ ಇವತ್ತು ಹುಡುಕಿದರೂ ಸಿಗುವುದಿಲ್ಲ.' ಆ ಒಂದು ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲದ ಜಾಗವನ್ನೆಲ್ಲ ಅದಕ್ಕೇ ಕೊಡುತ್ತಿದ್ದೇನೆ. ನಾನು ಮ್ಯಾಡ್ರಿಡ್‌ನಲ್ಲಿ ಆರು ವರ್ಷ ಇದ್ದವಳು, ಇಂಗ್ಲಿಷ್ ಪಾಠ ಹೇಳಿಕೊಡುತ್ತಿದ್ದೆ. ನಾನಿದ್ದ ಬಾಡಿಗೆ ಮನೆಯ ಒಡತಿ ಆ ಪಕ್ಷಕ್ಕೇ ವೋಟು ಹಾಕಿದವರು. ಹಾಗಾಗಿ ಓದಿ ತಿಳಿದದ್ದರ ಜೊತೆಗೆ ಅವರ ಅಡುಗೆಮನೆಯಲ್ಲಿ ಕೇಳಿದ ಮಾತೂ ಇಲ್ಲಿ ಬರುತ್ತದೆ.

ಪ್ರಶ್ನೆ: ಮೇಡಂ, ಈ ಪಕ್ಷ ಯಾವುದು? ಯಾವಾಗ ಹುಟ್ಟಿತು? ಅಷ್ಟು ಬೇಗ ಗೆದ್ದದ್ದು ಹೇಗೆ? (ರಾಜ್ಯಶಾಸ್ತ್ರ ಓದುತ್ತಿರುವ ವಿದ್ಯಾರ್ಥಿನಿ)

ಉತ್ತರ: ಹೆಸರು ಯುಸಿಡಿ. ಬಿಡಿಸಿ ಹೇಳಿದರೆ ಪ್ರಜಾತಂತ್ರವಾದಿ ಮಧ್ಯಮ ಒಕ್ಕೂಟ. ಇದು ರೂಪುಗೊಂಡದ್ದು 1977ರ ಮೇ ತಿಂಗಳಲ್ಲಿ. ಚುನಾವಣೆ ನಡೆದದ್ದು ಜೂನ್ 15ರಂದು. ಅಂದರೆ ಹುಟ್ಟಿ ಒಂದೂವರೆ ತಿಂಗಳು ತುಂಬುವ ಮೊದಲೇ ಗೆದ್ದ ಪಕ್ಷ ಅದು.

ಹಿಂದಿನ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಂತರ್ಯುದ್ಧ ಗೆದ್ದ ಜನರಲ್ ಫ್ರಾಂಕೊ 1939ರಿಂದ ಇಡೀ ದೇಶವನ್ನು ಆಳಿದ. 1975ರ ನವೆಂಬರ್ 20ರಂದು ತೀರಿಕೊಂಡ. ಎರಡು ದಿನದ ನಂತರ ಹುವಾನ್ ಕಾರ್ಲೊಸ್ ರಾಜನಾದ. 1976ರ ಜುಲೈನಲ್ಲಿ ರಾಜ ಅದೋಲ್ಫೊ ಸ್ವಾರೆಸ್ ಎಂಬ 43 ವರ್ಷದವನನ್ನು ಪ್ರಧಾನಿ ಮಾಡಿದ. ಆ ಸ್ವಾರೆಸ್ ಸುತ್ತ ಕಟ್ಟಿಕೊಂಡದ್ದೇ ಯುಸಿಡಿ.

ಕಟ್ಟಿಕೊಂಡದ್ದು ಅಂದೆ, ಅದು ಬೇಕೆಂದೇ ಬಳಸಿದ ಮಾತು. ಹದಿನೈದರ ಹತ್ತಿರ ಸಣ್ಣ ಸಣ್ಣ ಪಕ್ಷಗಳು ಅದರೊಳಗಿದ್ದವು. ಚರ್ಚಿಗೆ ಹತ್ತಿರವಿದ್ದ ಕ್ರಿಶ್ಚಿಯನ್ ಡೆಮಾಕ್ರಾಟರು. ಗಾರಿಗೆಸ್ ವಾಕರ್ ಜೊತೆಗಿದ್ದ ಉದಾರವಾದಿಗಳು. ಫೆರ್ನಾಂದೆಸ್ ಒರ್ದೋನ್ಯೆಸ್ ಜೊತೆಗಿದ್ದ ಸೋಷಿಯಲ್ ಡೆಮಾಕ್ರಾಟರು. ಇವರೆಲ್ಲರಿಗಿಂತ ಮುಖ್ಯವಾಗಿ, ಫ್ರಾಂಕೊ ಸರ್ಕಾರದಲ್ಲೇ ಬೆಳೆದು ಈಗ ಬದಲಾವಣೆ ಬೇಕು ಅನ್ನುತ್ತಿದ್ದ ಅಧಿಕಾರಿಗಳು. ಈ ಕೊನೆಯವರನ್ನು 'ನೀಲಿಗಳು' ಅಂತ ಕರೆಯುತ್ತಿದ್ದರು, ಹಳೇ ಆಡಳಿತ ಪಕ್ಷದವರ ಅಂಗಿಯ ಬಣ್ಣದಿಂದ ಬಂದ ಹೆಸರು. ಯಾರ ಹೆಸರು ಪಟ್ಟಿಯಲ್ಲಿ ಎಲ್ಲಿ ಬರಬೇಕು ಅಂತ ಜೋಡಿಸುವುದಕ್ಕೇ, ಮುಂದೆ ಪ್ರಧಾನಿಯಾದ ಕಾಲ್ವೊ ಸೊತೆಲೊ ಮಂತ್ರಿಗಿರಿ ಬಿಟ್ಟು ಬಂದರು.

ಫಲಿತಾಂಶ: ಯುಸಿಡಿಗೆ ನೂರಕ್ಕೆ 34 ವೋಟು, 350ರಲ್ಲಿ 165 ಸೀಟು. ಫೆಲಿಪೆ ಗೊನ್ಸಾಲೆಸ್ ಅವರ ಸಮಾಜವಾದಿ ಪಕ್ಷಕ್ಕೆ ನೂರಕ್ಕೆ 29, 118 ಸೀಟು. ಕಮ್ಯುನಿಸ್ಟರಿಗೆ 20 ಸೀಟು. ಫ್ರಾಂಕೊನ ಹಳೇ ಮಂತ್ರಿ ಮಾನುವೆಲ್ ಫ್ರಾಗಾ ಕಟ್ಟಿದ ಬಲಪಂಥದ ಅಲಿಯಾನ್ಸಾ ಪೊಪುಲಾರ್ ಪಕ್ಷಕ್ಕೆ 16. ಮೂರನೇ ಒಂದು ಭಾಗ ವೋಟಿಗೆ ಹತ್ತಿರ ಹತ್ತಿರ ಅರ್ಧ ಸದನ ಸಿಕ್ಕಿದ್ದು ಹೇಗೆ? ಜನ ಕಡಿಮೆ ಇರುವ ಪ್ರಾಂತ್ಯಗಳಿಗೂ ಕಾನೂನು ಕನಿಷ್ಠ ಸೀಟು ಕೊಟ್ಟಿತ್ತು. ಸೋರಿಯಾದಂಥ ಖಾಲಿ ಪ್ರಾಂತ್ಯಕ್ಕೂ 3 ಸೀಟು. ಅಂಥ ಹಳ್ಳಿಗಾಡಿನಲ್ಲಿ ಯುಸಿಡಿ ಬಲವಾಗಿತ್ತು. ಸರ್ಕಾರ ಕೈಯಲ್ಲಿತ್ತು. ಟಿವಿ ಅಂದರೆ ಸರ್ಕಾರದ ಟಿವಿ ಒಂದೇ, ಸ್ವಾರೆಸ್ ಹಿಂದೆ ಅದರ ಮುಖ್ಯಸ್ಥನಾಗಿದ್ದವನು. ಕ್ಯಾಮೆರಾ ಮುಂದೆ ಹೇಗೆ ಕೂರಬೇಕು ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ಇದಿಷ್ಟರಿಂದಲೇ ಗೆದ್ದರು ಅಂದರೆ ನಾನು ಒಪ್ಪುವುದಿಲ್ಲ. ನಮ್ಮ ಮನೆಯೊಡತಿಗೆ ಆಗ 27 ವರ್ಷ. ಸ್ಪೇನ್‌ನಲ್ಲಿ ಒಂದೊಂದು ಪಕ್ಷಕ್ಕೆ ಒಂದೊಂದು ಬೇರೆ ಚೀಟಿ. ನಿಮಗೆ ಬೇಕಾದ ಪಕ್ಷದ ಚೀಟಿ ತೆಗೆದು ಲಕೋಟೆಗೆ ಹಾಕಿ ಪೆಟ್ಟಿಗೆಗೆ ಬಿಡಬೇಕು. 'ಮೇಜಿನ ಮೇಲೆ ಚೀಟಿಗಳ ರಾಶಿ. ಅರ್ಧಕ್ಕರ್ಧ ಹೆಸರು ನಾನು ಕೇಳಿಯೇ ಇರಲಿಲ್ಲ' ಅಂತ ಅವರು ಹೇಳುತ್ತಿದ್ದರು. ಅವರ ಅಪ್ಪ 1936ರ ಫೆಬ್ರವರಿಯಲ್ಲಿ ವೋಟು ಹಾಕಿದ್ದವರು. ಪಕ್ಷಗಳು ಎದುರುಬದುರು ನಿಂತ ಚುನಾವಣೆಯಲ್ಲಿ ಮತ್ತೆ ಹಾಕಿದ್ದು 41 ವರ್ಷ ಕಳೆದ ಮೇಲೆ. ಆ ದಿನ ಅಪ್ಪ ಕೋಟು, ಟೈ ಹಾಕಿಕೊಂಡು ಹೊರಟರಂತೆ. ಯಾರಿಗೆ ಹಾಕಿದರು ಅಂತ ಸಾಯುವವರೆಗೂ ಹೇಳಲಿಲ್ಲವಂತೆ.

ನೀವು ಯಾಕೆ ಯುಸಿಡಿಗೆ ಹಾಕಿದಿರಿ ಅಂತ ಕೇಳಿದ್ದೆ. ಅವರು ಬಟಾಣಿ ಬಿಡಿಸುತ್ತಾ ಕೂತಿದ್ದರು. ಕೈ ನಿಲ್ಲಿಸಲಿಲ್ಲ. 'ಅಪ್ಪನಿಗೆ ಎಡದವರ ಭಯ. ಅಣ್ಣನಿಗೆ ಬಲದವರ ಭಯ. ನನಗೆ ಇಬ್ಬರೂ ಮತ್ತೆ ಹೊಡೆದಾಡುತ್ತಾರೆ ಅನ್ನುವ ಭಯ' ಅಂದರು. ಆ ಚುನಾವಣೆಯ ಬಗ್ಗೆ ನಾನು ಎಷ್ಟೋ ಓದಿದ್ದೇನೆ. ಇದಕ್ಕಿಂತ ಸರಿಯಾದ ಮಾತು ಎಲ್ಲೂ ಸಿಕ್ಕಿಲ್ಲ.

ಪ್ರಶ್ನೆ: ಸ್ವಾರೆಸ್ ಫ್ರಾಂಕೊನ ಮನುಷ್ಯನೇ ಅಲ್ವಾ? ಅಂಥವನು ಸರ್ವಾಧಿಕಾರ ಮುಗಿಸಿದ ಅಂದರೆ ನಂಬುವುದು ಹೇಗೆ? (ನಿವೃತ್ತ ಮೇಷ್ಟ್ರು)

ಉತ್ತರ: ಹೌದು ಮೇಷ್ಟ್ರೇ, ಅವನು ಆ ಮನೆಯವನೇ. ಹಳೇ ಆಡಳಿತದ ಏಕೈಕ ಪಕ್ಷಕ್ಕೆ ಮಂತ್ರಿ ದರ್ಜೆಯ ಕಾರ್ಯದರ್ಶಿಯಾಗಿದ್ದ. ನಿಮ್ಮ ಅನುಮಾನವೇ ಆಗ ಎಲ್ಲರಿಗೂ ಇತ್ತು. ಅವನು ಪ್ರಧಾನಿಯಾದಾಗ 'ಎಂಥ ತಪ್ಪು, ಎಂಥ ದೊಡ್ಡ ತಪ್ಪು!' ಅಂತ ರಿಕಾರ್ದೊ ದೆ ಲಾ ಸಿಯೆರ್ವಾ ಪತ್ರಿಕೆಯಲ್ಲಿ ಬರೆದರು. ಮುಂದೆ 1980ರಲ್ಲಿ ಅದೇ ಲೇಖಕರನ್ನು ಸ್ವಾರೆಸ್ ತನ್ನ ಸಂಸ್ಕೃತಿ ಮಂತ್ರಿ ಮಾಡಿಕೊಂಡ.

ಮನೆಯ ಒಳಗಿನವನಾಗಿದ್ದಕ್ಕೇ ಬೀಗ ಎಲ್ಲಿದೆ ಅಂತ ಗೊತ್ತಿತ್ತು. 'ಕಾನೂನಿನಿಂದ ಕಾನೂನಿಗೆ' ಅನ್ನುವುದು ಅವತ್ತಿನ ಮಾತು. ಅದರ ಹಿಂದಿನ ತಲೆ ಶಾಸನಸಭೆಯ ಅಧ್ಯಕ್ಷ ತೊರ್ಕ್ವಾತೊ ಫೆರ್ನಾಂದೆಸ್ ಮಿರಾಂದಾ. ಫ್ರಾಂಕೊನ ಕಾಯಿದೆಗಳನ್ನು ಮುರಿಯದೆ, ಅವುಗಳ ದಾರಿಯಲ್ಲೇ ಹೋಗಿ ಅವುಗಳನ್ನು ಮುಗಿಸುವುದು. ರಾಜಕೀಯ ಸುಧಾರಣೆಯ ಕಾಯಿದೆಯನ್ನು 1976ರ ನವೆಂಬರ್ 18ರಂದು ಫ್ರಾಂಕೊ ಕಾಲದ ಶಾಸನಸಭೆಯ ಮುಂದೆಯೇ ಇಟ್ಟರು. ಪರ 425, ವಿರೋಧ 59, ತಟಸ್ಥ 13. ಆ ಸಭೆಯವರು ತಮ್ಮ ಸಭೆಯನ್ನೇ ಮುಚ್ಚುವ ಕಾಯಿದೆಗೆ ಕೈ ಎತ್ತಿದರು. ಡಿಸೆಂಬರ್‌ನಲ್ಲಿ ಜನಮತಕ್ಕೆ ಹಾಕಿದಾಗ ನೂರಕ್ಕೆ 94 ಜನ ಹೌದು ಅಂದರು.

ಮನುಷ್ಯ ಎಲ್ಲಿಂದ ಬಂದ ಅನ್ನುವುದನ್ನು ಮರೆಯಬೇಡಿ, ಅದು ಸರಿ. ಆದರೆ 1977ರ ಏಪ್ರಿಲ್ 9ರಂದು ಅವನು ಮಾಡಿದ ಕೆಲಸವನ್ನೂ ಜೊತೆಗೆ ಇಟ್ಟು ನೋಡಿ. ಅದನ್ನು ಮುಂದಿನ ಉತ್ತರದಲ್ಲಿ ಹೇಳುತ್ತೇನೆ.

ಪ್ರಶ್ನೆ: ಫ್ರಾಂಕೊ ವಿರುದ್ಧ ಜಾಸ್ತಿ ಹೋರಾಡಿದವರು ಕಮ್ಯುನಿಸ್ಟರು. ಜೈಲಿಗೆ ಹೋದವರೂ ಅವರೇ. ಜನ ಅವರಿಗೆ ನೂರಕ್ಕೆ ಒಂಬತ್ತು ವೋಟು ಕೊಟ್ಟರೆ ಅದು ಅನ್ಯಾಯ ಅಲ್ವಾ? (ಕಾರ್ಮಿಕ ಸಂಘದ ಕಾರ್ಯಕರ್ತರು)

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ನನ್ನ ಮನೆಯಿಂದ ಹತ್ತು ನಿಮಿಷ ನಡೆದರೆ ಅತೋಚಾ ಬೀದಿ. ಅಲ್ಲಿ 55ನೇ ನಂಬರಿನ ಕಟ್ಟಡದಲ್ಲಿ ಕಾರ್ಮಿಕರ ಕೇಸು ನಡೆಸುವ ವಕೀಲರ ಕಚೇರಿ ಇತ್ತು. 1977ರ ಜನವರಿ 24ರ ರಾತ್ರಿ ಬಲಪಂಥದ ಬಂದೂಕುಧಾರಿಗಳು ಒಳಗೆ ನುಗ್ಗಿ ಐದು ಜನರನ್ನು ಕೊಂದರು. ನಾಲ್ವರು ಗಾಯಗೊಂಡರು. ಎರಡು ದಿನ ಆದಮೇಲೆ ಶವಯಾತ್ರೆ. ಕಮ್ಯುನಿಸ್ಟ್ ಪಕ್ಷ ಇನ್ನೂ ನಿಷೇಧದಲ್ಲಿತ್ತು. ಲೆಕ್ಕವಿಲ್ಲದಷ್ಟು ಜನ ಬೀದಿಗೆ ಬಂದರು, ಮುಷ್ಟಿ ಎತ್ತಿ ನಿಂತರು, ಆದರೆ ಒಂದು ಕಲ್ಲು ಬೀಳಲಿಲ್ಲ. ಪಕ್ಷದವರೇ ಕಾವಲು ನಿಂತು ಜನರನ್ನು ಸುಮ್ಮನಿರಿಸಿದರು. ಇವತ್ತು ಅಲ್ಲೇ ಪಕ್ಕದ ಅಂತೋನ್ ಮಾರ್ತಿನ್ ಚೌಕದಲ್ಲಿ ಒಂದು ಕಂಚಿನ ಶಿಲ್ಪವಿದೆ. ಒಂದಷ್ಟು ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು ನಿಂತಿದ್ದಾರೆ. ಮುಖ ಕಾಣುವುದಿಲ್ಲ, ಬೆನ್ನು ಮಾತ್ರ. ಹಾಲು, ಬ್ರೆಡ್ಡು ತರಲು ಹೋಗುವಾಗ ದಿನಾ ಅದರ ಪಕ್ಕದಲ್ಲೇ ಹಾದುಹೋಗುತ್ತಿದ್ದೆ. ಒಂದು ದಿನವೂ ನೋಡದೆ ದಾಟಲು ಆಗಲಿಲ್ಲ.

ಆ ಮೌನ ಎಷ್ಟೋ ಜನರ ಮನಸ್ಸು ಬದಲಾಯಿಸಿತು. ಫೆಬ್ರವರಿ ಕೊನೆಯಲ್ಲಿ ಸ್ವಾರೆಸ್ ಮತ್ತು ಕಮ್ಯುನಿಸ್ಟ್ ನಾಯಕ ಸಾಂತಿಯಾಗೊ ಕರಿಯೊ ಗುಟ್ಟಾಗಿ ಒಂದು ಮನೆಯಲ್ಲಿ ಕೂತು ಗಂಟೆಗಟ್ಟಲೆ ಮಾತಾಡಿದರು. ಈ ಕರಿಯೊ ದೇಶದೊಳಕ್ಕೆ ಬಂದದ್ದೇ ತಲೆಗೆ ವಿಗ್ ಹಾಕಿಕೊಂಡು. ಏಪ್ರಿಲ್ 9, ಈಸ್ಟರ್‌ಗೆ ಮುಂಚಿನ ಶನಿವಾರ. ರಜೆಯಲ್ಲಿ ಊರೆಲ್ಲ ಖಾಲಿ. ಅವತ್ತು ಸ್ವಾರೆಸ್ ಪಕ್ಷದ ಮೇಲಿನ ನಿಷೇಧ ತೆಗೆದ. ನೌಕಾಪಡೆಯ ಮಂತ್ರಿ ರಾಜೀನಾಮೆ ಕೊಟ್ಟ, ಸೇನೆ ಕುದಿಯಿತು. ಕೆಲವೇ ದಿನದಲ್ಲಿ ಕರಿಯೊ ಪಕ್ಷವೂ ತನ್ನ ಪಾಲು ಕೊಟ್ಟಿತು: ರಾಜನನ್ನು ಒಪ್ಪಿಕೊಂಡಿತು, ಕೆಂಪು-ಹಳದಿ ಧ್ವಜವನ್ನು ಒಪ್ಪಿಕೊಂಡಿತು. ಫ್ರಾಂಕೊಗೆ ಮುಂಚಿನ ಗಣರಾಜ್ಯದ ಮೂರು ಬಣ್ಣದ ಧ್ವಜಕ್ಕಾಗಿ ಜೈಲು ಕಂಡವರಿಗೆ ಅದು ಎಷ್ಟು ಕಷ್ಟವಾಗಿರಬೇಕು, ಯೋಚಿಸಿ.

ಇನ್ನು ವೋಟಿನ ಮಾತು. ಹೋರಾಟಕ್ಕೆ ಜನ ಗೌರವ ಕೊಟ್ಟರು, ಅಧಿಕಾರ ಕೊಡಲಿಲ್ಲ. ಟಿಕೆಟ್ ಪಟ್ಟಿಯಲ್ಲಿ ಕಂಡ ಮುಖಗಳು ಅಂತರ್ಯುದ್ಧದ ಕಾಲದವು. ಕರಿಯೊಗೆ 62 ವರ್ಷ. ಗೊನ್ಸಾಲೆಸ್‌ಗೆ 35. ಎಡಕ್ಕೆ ಹೋಗಬೇಕು ಅಂದುಕೊಂಡ ಯುವಜನ ಗೊನ್ಸಾಲೆಸ್ ಕಡೆ ಹೋದರು. ಇದು ಅನ್ಯಾಯ ಅಂತ ನಾನು ಹೇಳಲಾರೆ. ಆದರೆ ಕಮ್ಯುನಿಸ್ಟರು ಆ ಚಳಿಗಾಲದಲ್ಲಿ ಸಂಯಮ ಕಳೆದುಕೊಂಡಿದ್ದರೆ ಜೂನ್‌ನ ಚುನಾವಣೆಯೇ ನಡೆಯುತ್ತಿತ್ತೋ ಇಲ್ಲವೋ. ಆ ಸಾಲವನ್ನು ಸ್ಪೇನ್ ಇನ್ನೂ ಪೂರ್ತಿ ತೀರಿಸಿಲ್ಲ ಅನ್ನುವುದು ನನ್ನ ಅನಿಸಿಕೆ.

ಪ್ರಶ್ನೆ: ಸಂವಿಧಾನವನ್ನು ಹೋಟೆಲಿನಲ್ಲಿ ಊಟ ಮಾಡುತ್ತಾ ಬರೆದರು ಅಂತ ಕೇಳಿದ್ದೇನೆ. ನಿಜವಾ?

ಉತ್ತರ: ಪೂರ್ತಿ ಬರೆದದ್ದಲ್ಲ, ಗಂಟು ಬಿಡಿಸಿದ್ದು. ಕರಡು ಬರೆದವರು ಏಳು ಜನ. ಯುಸಿಡಿಯಿಂದ ಮೂವರು. ಸಮಾಜವಾದಿಗಳು, ಕಮ್ಯುನಿಸ್ಟರು, ಕತಲೂನ್ಯಾ ಪ್ರದೇಶದ ರಾಷ್ಟ್ರೀಯವಾದಿಗಳು, ಫ್ರಾಗಾ ಪಕ್ಷ ಇವರಿಂದ ಒಬ್ಬೊಬ್ಬರು. 1978ರ ಮೇ 22ರ ರಾತ್ರಿ ಮ್ಯಾಡ್ರಿಡ್‌ನ ಒಂದು ರೆಸ್ಟೋರೆಂಟಿನಲ್ಲಿ ಯುಸಿಡಿಯ ಅಬ್ರಿಲ್ ಮಾರ್ತೊರೆಲ್, ಸಮಾಜವಾದಿ ಅಲ್ಫೊನ್ಸೊ ಗೆರ್ರಾ ಮತ್ತು ಇಬ್ಬರ ಕಡೆಯವರು ಕೂತು ನಿಂತುಹೋಗಿದ್ದ ಕಲಮುಗಳನ್ನು ಒಂದೊಂದಾಗಿ ದಾಟಿಸಿದರು. ಇದು ಸದನದ ಬೆನ್ನ ಹಿಂದೆ ಮಾಡಿದ ವ್ಯಾಪಾರ ಅಂತ ಫ್ರಾಗಾ ಕಡೆಯವರು ಸಿಟ್ಟಾದರು. ಅವರ ಸಿಟ್ಟಿನಲ್ಲಿ ಸತ್ಯ ಇತ್ತು. ಆದರೂ 1978ರ ಡಿಸೆಂಬರ್ 6ರಂದು ಜನ ಆ ಸಂವಿಧಾನವನ್ನು ಒಪ್ಪಿದರು, ವೋಟು ಹಾಕಿದವರಲ್ಲಿ ನೂರಕ್ಕೆ 88ರಷ್ಟು.

ಪ್ರಶ್ನೆ: ಎಲ್ಲರೂ ಒಪ್ಪಿಕೊಂಡರು ಅಂತೀರಿ. ಹಾಗಾದರೆ ಬೆಲೆ ತೆತ್ತವರು ಯಾರು? (ಗೃಹಿಣಿ, ಈ ಅಂಕಣದ ಹಳೇ ಓದುಗರು)

ಉತ್ತರ: ಇಷ್ಟು ನೇರವಾಗಿ ಕೇಳಿದ್ದಕ್ಕೆ ನಿಮಗೆ ಥ್ಯಾಂಕ್ಸ್. ಈ ಪತ್ರವನ್ನು ಎರಡು ಸಲ ಓದಿದೆ.

ಮೊದಲು ಸಂಬಳದವರು. 1977ರಲ್ಲಿ ಬೆಲೆಯೇರಿಕೆ ನೂರಕ್ಕೆ 26 ಮುಟ್ಟಿತ್ತು. ಅಕ್ಟೋಬರ್‌ನಲ್ಲಿ ಎಲ್ಲ ಮುಖ್ಯ ಪಕ್ಷಗಳು ಪ್ರಧಾನಿಯ ಮೊಂಕ್ಲೊವಾ ಅರಮನೆಯಲ್ಲಿ ಕೂತು ಒಪ್ಪಂದ ಮಾಡಿಕೊಂಡವು. ಮುಂದಿನ ವರ್ಷ ಸಂಬಳ ನೂರಕ್ಕೆ 22ಕ್ಕಿಂತ ಜಾಸ್ತಿ ಏರಬಾರದು ಅಂತ ಆಯಿತು. ಅಂದರೆ ಕಳೆದ ವರ್ಷದ ಬೆಲೆಯನ್ನು ಬಿಟ್ಟು, ಬರುವ ವರ್ಷ ಎಷ್ಟು ಏರಬಹುದು ಅನ್ನುವ ಅಂದಾಜಿನ ಮೇಲೆ ಸಂಬಳ. ಬದಲಿಗೆ ತೆರಿಗೆ ಸುಧಾರಣೆ, ಶಾಲೆ, ಪಿಂಚಣಿ ಎಲ್ಲ ಸಿಗುತ್ತದೆ ಅಂದರು. ಕೆಲವು ಸಿಕ್ಕವು. ನಿರುದ್ಯೋಗ ಮಾತ್ರ ಏರುತ್ತಲೇ ಹೋಯಿತು. ನಮ್ಮ ಮನೆಯೊಡತಿಯ ಅಣ್ಣ ಕೆಲಸ ಕಳೆದುಕೊಂಡದ್ದು ಆ ವರ್ಷಗಳಲ್ಲೇ.

ಎರಡನೆಯವರು, ಅಂತರ್ಯುದ್ಧದಲ್ಲಿ ಮತ್ತು ಆಮೇಲೆ ಗುಂಡೇಟಿಗೆ ಬಲಿಯಾಗಿ ರಸ್ತೆ ಬದಿಯ ಗುಂಡಿಗಳಲ್ಲಿ ಹೂತುಹೋದವರ ಮನೆಯವರು. 1977ರ ಅಕ್ಟೋಬರ್ 15ರ ಕ್ಷಮಾದಾನ ಕಾಯಿದೆ ರಾಜಕೀಯ ಕೈದಿಗಳನ್ನು ಬಿಡಿಸಿತು. ಅದೇ ಕಾಯಿದೆ ಹಿಂಸೆ ಕೊಟ್ಟ ಪೊಲೀಸರಿಗೂ ರಕ್ಷಣೆಯಾಯಿತು. ಜೈಲಿನಲ್ಲಿ ವರ್ಷಗಟ್ಟಲೆ ಕಳೆದ ಕಾರ್ಮಿಕ ನಾಯಕ ಮಾರ್ಸೆಲಿನೊ ಕಮಾಚೊ ಸದನದಲ್ಲಿ ಎದ್ದು ನಿಂತು ಅದರ ಪರ ಮಾತಾಡಿದರು. ಆ ಭಾಷಣ ಓದಿದಾಗ ನನ್ನ ಕಣ್ಣು ತುಂಬಿತ್ತು. ಅವರು ಕ್ಷಮಿಸಲು ಅರ್ಹರಾಗಿದ್ದರು. ಆದರೆ ಹೂತ ಅಪ್ಪನ ಮೂಳೆ ಹುಡುಕುವ ಮಗಳಿಗೆ ಅಷ್ಟರಿಂದ ಸಮಾಧಾನ ಆಗುವುದಿಲ್ಲ. ಈ ವಿಷಯದಲ್ಲಿ ದೊಡ್ಡ ಪಕ್ಷಗಳೆಲ್ಲ ಹೆಚ್ಚು ಕಾಲ ಸುಮ್ಮನಿದ್ದವು. ಅದು ತಪ್ಪು.

ಇನ್ನು, ಎಲ್ಲರೂ ಒಪ್ಪಿಕೊಂಡರು ಅನ್ನುವುದೂ ಪೂರ್ತಿ ನಿಜವಲ್ಲ. ಉತ್ತರದ ಬಾಸ್ಕ್ ಪ್ರದೇಶದ ರಾಷ್ಟ್ರೀಯವಾದಿ ಪಕ್ಷ ಪಿಎನ್‌ವಿ ಸಂವಿಧಾನಕ್ಕೆ ಒಪ್ಪಿಗೆ ಕೊಡಲಿಲ್ಲ. ಅಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಜನಮತಕ್ಕೇ ಬರಲಿಲ್ಲ. ಬಾಸ್ಕರಿಗೆ ಪ್ರತ್ಯೇಕ ದೇಶ ಬೇಕು ಅನ್ನುತ್ತಿದ್ದ ಇಟಿಎ ಸಂಘಟನೆಯ ಬಾಂಬು, ಬಂದೂಕು ನಿಲ್ಲಲಿಲ್ಲ. 1980ರ ಒಂದೇ ವರ್ಷದಲ್ಲಿ ಅದು 90ಕ್ಕೂ ಹೆಚ್ಚು ಜನರನ್ನು ಕೊಂದಿತು.

ಪ್ರಶ್ನೆ: ಸಮಾಜವಾದಿಗಳು ಮಾರ್ಕ್ಸ್‌ನನ್ನು ಬಿಟ್ಟದ್ದು ಅಧಿಕಾರಕ್ಕಾಗಿ ಅಲ್ವಾ?

ಉತ್ತರ: ಅಧಿಕಾರಕ್ಕಾಗಿಯೂ ಹೌದು. 1979ರ ಚುನಾವಣೆಯಲ್ಲಿ ಮತ್ತೆ ಯುಸಿಡಿ ಗೆದ್ದಿತು, 168 ಸೀಟು. ಸಮಾಜವಾದಿಗಳು 121ಕ್ಕೆ ನಿಂತರು. ಮೇ ತಿಂಗಳ ಸಮ್ಮೇಳನದಲ್ಲಿ, ಪಕ್ಷದ ವ್ಯಾಖ್ಯೆಯಿಂದ ಮಾರ್ಕ್ಸ್‌ವಾದ ಅನ್ನುವ ಪದ ತೆಗೆಯೋಣ ಅಂತ ಗೊನ್ಸಾಲೆಸ್ ಕೇಳಿದರು. ಪ್ರತಿನಿಧಿಗಳು ಒಪ್ಪಲಿಲ್ಲ. ಅವರು ನಾಯಕತ್ವ ಬಿಟ್ಟು ಎದ್ದು ಬಂದರು. ಸೆಪ್ಟೆಂಬರ್‌ನಲ್ಲಿ ವಿಶೇಷ ಸಮ್ಮೇಳನ ಕರೆದು ಅವರನ್ನೇ ಮತ್ತೆ ಕೂರಿಸಿದರು. ಹಾಗೆ ಅವರ ಪಕ್ಷ ಮಧ್ಯದ ಕಡೆ ಒಂದು ದೊಡ್ಡ ಹೆಜ್ಜೆ ಇಟ್ಟಿತು. ಯುಸಿಡಿಗೆ ಅಲ್ಲಿಂದಲೇ ಜಾಗ ಕಿರಿದಾಯಿತು.

ಪ್ರಶ್ನೆ: ಅಷ್ಟೆಲ್ಲ ಮಾಡಿದ ಪಕ್ಷ ಮುಳುಗಿದ್ದು ಯಾಕೆ? (ಸುಮಾರು ಒಂಬತ್ತು ಜನ ಇದನ್ನೇ ಕೇಳಿದ್ದಾರೆ)

ಉತ್ತರ: ದಾಟುವ ಕೆಲಸಕ್ಕೆ ಒಟ್ಟಾದವರು, ದಾಟಿದ ಮೇಲೆ ಏನು ಮಾಡಬೇಕು ಅಂತ ಒಪ್ಪಲಿಲ್ಲ. ನನ್ನ ಉತ್ತರ ಇಷ್ಟೇ. ಸಂವಿಧಾನ ಆಗುವವರೆಗೆ ಎಲ್ಲರಿಗೂ ಒಂದೇ ಗುರಿ ಇತ್ತು. ಆಮೇಲೆ ವಿಚ್ಛೇದನದ ಕಾಯಿದೆ ಬಂತು, ಶಾಲೆಗಳ ವಿಷಯ ಬಂತು, ದಕ್ಷಿಣದ ಆಂದಲೂಸಿಯಾ ಪ್ರದೇಶಕ್ಕೆ ಎಷ್ಟು ಸ್ವಾಯತ್ತತೆ ಅನ್ನುವುದು ಬಂತು. ಫೆರ್ನಾಂದೆಸ್ ಒರ್ದೋನ್ಯೆಸ್ ಮಂತ್ರಿಯಾಗಿ 1981ರಲ್ಲಿ ವಿಚ್ಛೇದನ ಕಾಯಿದೆ ತಂದಾಗ ಅವರ ಸ್ವಂತ ಪಕ್ಷದ ಕ್ರಿಶ್ಚಿಯನ್ ಡೆಮಾಕ್ರಾಟರೇ ಅಡ್ಡ ನಿಂತರು. ಪಕ್ಷದೊಳಗಿನ ಗುಂಪುಗಳ ಮುಖಂಡರನ್ನು ಪತ್ರಿಕೆಗಳು 'ಬ್ಯಾರನ್‌ಗಳು' ಅಂತ ಕರೆಯುತ್ತಿದ್ದವು. ಒಬ್ಬೊಬ್ಬನಿಗೂ ಒಂದೊಂದು ಕೋಟೆ. ಸ್ವಾರೆಸ್ ಕೂಡ ತಪ್ಪು ಮಾಡಿದ. ಸದನಕ್ಕೆ ಬರುವುದು ಕಡಿಮೆ ಮಾಡಿದ, ತನ್ನ ಕಚೇರಿಯೊಳಗೇ ಉಳಿದ. 1980ರ ಮೇನಲ್ಲಿ ಗೊನ್ಸಾಲೆಸ್ ಅವಿಶ್ವಾಸ ನಿರ್ಣಯ ತಂದರು. ಪರ 152, ವಿರೋಧ 166. ನಿರ್ಣಯ ಬಿತ್ತು. ಆದರೆ ಮುಂದಿನ ಪ್ರಧಾನಿ ಯಾರು ಅಂತ ಜನರಿಗೆ ಅವತ್ತೇ ಗೊತ್ತಾಯಿತು.

1981ರ ಜನವರಿ 29ರಂದು ಸ್ವಾರೆಸ್ ಟಿವಿಯಲ್ಲಿ ಬಂದು ರಾಜೀನಾಮೆ ಹೇಳಿದ. ಫೆಬ್ರವರಿ 23ರ ಸಂಜೆ ಕಾಲ್ವೊ ಸೊತೆಲೊ ಅವರನ್ನು ಪ್ರಧಾನಿಯಾಗಿ ಆರಿಸಲು ಸದನದಲ್ಲಿ ಒಬ್ಬೊಬ್ಬ ಸದಸ್ಯರ ಹೆಸರು ಕರೆಯುತ್ತಿದ್ದರು. ಮನೆಯೊಡತಿ ಇಸ್ತ್ರಿ ಮಾಡುತ್ತಾ ರೇಡಿಯೊ ಕೇಳುತ್ತಿದ್ದರು. 'ನೂನ್ಯೆಸ್ ಎಂಕಾಬೊ' ಅನ್ನುವ ಹೆಸರು ಬಂತು, ಆಮೇಲೆ ಕೂಗಾಟ, ಆಮೇಲೆ ಗುಂಡಿನ ಸದ್ದು. ಲೆಫ್ಟಿನೆಂಟ್ ಕರ್ನಲ್ ತೆಹೆರೊ ತನ್ನ ಸಿವಿಲ್ ಗಾರ್ಡ್ ಪೊಲೀಸರ ಜೊತೆ ನುಗ್ಗಿದ್ದ. ಎಲ್ಲರೂ ಬೆಂಚಿನ ಕೆಳಗೆ ಬಗ್ಗಿದರು. ಸ್ವಾರೆಸ್ ಬಗ್ಗಲಿಲ್ಲ. ಅವನ ಉಪಪ್ರಧಾನಿ, ಮುದುಕ ಜನರಲ್ ಗುತಿಯೆರೆಸ್ ಮೆಯಾದೊ ಎದ್ದು ಬಂದೂಕಿನವರ ಎದುರೇ ನಿಂತ. ಕರಿಯೊ ತನ್ನ ಜಾಗದಲ್ಲಿ ಕೂತೇ ಇದ್ದ. ಫ್ರಾಂಕೊ ಆಡಳಿತದ ಹಳೇ ಅಧಿಕಾರಿ, ಫ್ರಾಂಕೊನ ಹಳೇ ಸೈನಿಕ, ಕಮ್ಯುನಿಸ್ಟ್. ನಡುರಾತ್ರಿ ಒಂದು ಗಂಟೆ ದಾಟಿದ ಮೇಲೆ ರಾಜ ಟಿವಿಯಲ್ಲಿ ಬಂದು ದಂಗೆಗೆ ಬೆಂಬಲವಿಲ್ಲ ಅಂದ. ಮನೆಯೊಡತಿ ಸುಟ್ಟುಹೋದ ಆ ಅಂಗಿಯನ್ನು ಎಸೆದಿರಲಿಲ್ಲ, ನನಗೆ ತೋರಿಸಿದ್ದರು. ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಅಚ್ಚು, ಕಂದು ಬಣ್ಣಕ್ಕೆ ತಿರುಗಿತ್ತು. ಡಿಸೆಂಬರ್‌ನಲ್ಲಿ ಸದನವನ್ನು ಜನರಿಗೆ ತೆರೆದಿಡುವ ದಿನ ಹೋಗಿ ಛಾವಣಿಯ ಗುಂಡಿನ ತೂತುಗಳನ್ನೂ ನೋಡಿ ಬಂದೆ. ಆ ಅಂಗಿಯೇ ನನಗೆ ಹೆಚ್ಚು ನೆನಪಿದೆ.

ಆಮೇಲೆ ಯುಸಿಡಿ ಚೂರಾಯಿತು. ಒಂದು ಗುಂಪು ಸಮಾಜವಾದಿಗಳ ಕಡೆ, ಇನ್ನೊಂದು ಫ್ರಾಗಾ ಕಡೆ. ಸ್ವಾರೆಸ್ ತಾನೇ ಹೊರಬಂದು 1982ರಲ್ಲಿ ಸಿಡಿಎಸ್ ಎಂಬ ಹೊಸ ಪಕ್ಷ ಮಾಡಿದ. ಅದೇ ಅಕ್ಟೋಬರ್ 28ರಂದು ಚುನಾವಣೆ. ಸಮಾಜವಾದಿಗಳಿಗೆ 202 ಸೀಟು, ಫ್ರಾಗಾ ಕೂಟಕ್ಕೆ 107. ಯುಸಿಡಿಗೆ 11. ಪ್ರಧಾನಿಯಾಗಿದ್ದ ಕಾಲ್ವೊ ಸೊತೆಲೊ ಮ್ಯಾಡ್ರಿಡ್ ಪಟ್ಟಿಯಲ್ಲಿ ಎರಡನೆಯವರಾಗಿದ್ದರು, ಅವರೇ ಆರಿಸಿ ಬರಲಿಲ್ಲ. 1983ರ ಫೆಬ್ರವರಿಯಲ್ಲಿ ಪಕ್ಷವನ್ನು ಮುಚ್ಚಿದರು.

ಪ್ರಶ್ನೆ: ಸ್ವಾರೆಸ್ ಆಮೇಲೆ ಏನಾದ?

ಉತ್ತರ: ಅವನ ಸಿಡಿಎಸ್‌ಗೆ 1982ರಲ್ಲಿ 2 ಸೀಟು, 1986ರಲ್ಲಿ 19. ಅದೇ ಅದರ ಎತ್ತರ. 1991ರಲ್ಲಿ ರಾಜಕೀಯ ಬಿಟ್ಟ. 'ಪ್ರೀತಿ ಸ್ವಲ್ಪ ಕಡಿಮೆ ಮಾಡಿ, ವೋಟು ಸ್ವಲ್ಪ ಜಾಸ್ತಿ ಹಾಕಿ' ಅಂತ ಜನರಿಗೆ ಹೇಳುತ್ತಿದ್ದನಂತೆ. ಕೊನೆಯ ವರ್ಷಗಳಲ್ಲಿ ಮರೆವಿನ ಕಾಯಿಲೆ ಬಂತು. ತಾನು ಪ್ರಧಾನಿಯಾಗಿದ್ದದ್ದೂ ನೆನಪಿರಲಿಲ್ಲ. 2014ರ ಮಾರ್ಚ್ 23ರಂದು ತೀರಿಕೊಂಡ.

ನಾನು ಆಗ ಅಲ್ಲೇ ಇದ್ದೆ. ದೇಹವನ್ನು ಸಂಸತ್ ಭವನದಲ್ಲಿ ಇಟ್ಟಿದ್ದರು. ಮನೆಯೊಡತಿ 'ಬರ್ತೀಯಾ?' ಅಂದರು. ಕ್ಯೂ ಎಷ್ಟೋ ಬೀದಿ ಸುತ್ತಿ ಹೋಗಿತ್ತು. ಗಂಟೆಗಟ್ಟಲೆ ನಿಂತೆವು. ಮುಂದೆ ನಿಂತಿದ್ದ ಮುದುಕರೊಬ್ಬರು 1982ರಲ್ಲಿ ತಾವು ಗೊನ್ಸಾಲೆಸ್‌ಗೆ ವೋಟು ಹಾಕಿದ್ದು ಅಂತ ಹೇಳಿದರು. 'ನಾನೂ ಅಷ್ಟೇ' ಅಂದರು ನಮ್ಮ ಮನೆಯೊಡತಿ. ಆಮೇಲೆ ಇಬ್ಬರೂ ಮಾತಾಡಲಿಲ್ಲ. ಒಳಗೆ ಹೋದಾಗ ಅರ್ಧ ನಿಮಿಷ ನಿಲ್ಲಲು ಬಿಟ್ಟರು. ಅವರು ಕೈಗವಸು ಬಿಚ್ಚಿ, ಶಿಲುಬೆಯ ಗುರುತು ಮಾಡಿ, ಹೊರಗೆ ಬಂದರು.